ಒಮ್ಮೆ ತಿಂದು ನೋಡ್ರಿ, ಒಮ್ಮೆ ಹೋಗಿ ಬರ್ರಿ

(ಹುಬ್ಬಳ್ಳಿಯಲ್ಲಿ ಒಂದು ಸಂಜೆ ಓದುಗರ ಕೂಟದಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತುಸು ಹಿಗ್ಗಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಮ್ಮ ಹುಬ್ಬಳ್ಳಿಯಲ್ಲಿ ಯಾರನ್ನಾದರೂ ದಾರಿ ಕೇಳಿ. ದಾರಿ ಹೇಳುತ್ತಾರೆ. ಅಷ್ಟಕ್ಕೇ ಬಿಡುವುದಿಲ್ಲ. "ಅಲ್ಲೇ ಮೂಲ್ಯಾಗ ಚಹಾ ಚಲೋ ಸಿಗತೈತಿ ನೋಡ್ರಿ, ಕುಡದು ಹೋಗ್ರಿ" ಅಂತ ಸೇರಿಸುತ್ತಾರೆ. ಕೇಳಿದವರು ಯಾರೋ, ಹೇಳಿದವರು ಯಾರೋ. ಚಹಾದಂಗಡಿಯವರು ಇಬ್ಬರಿಗೂ ಬೀಗರಲ್ಲ. ತನಗೆ ಸುಖ ಕೊಟ್ಟದ್ದು ಇನ್ನೊಬ್ಬರಿಗೂ ಸಿಗಲಿ ಅನ್ನುವ ಆಸೆ, ಅಷ್ಟೇ. ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಆ ಆಸೆಯ ಬಗ್ಗೆ.

ಕೇಳುವುದಕ್ಕೆ ವಿಷಯ ಸಣ್ಣದು. ನನಗೆ ಮಾತ್ರ ಸಣ್ಣದು ಅನ್ನಿಸುವುದಿಲ್ಲ. ನಮ್ಮ ಕಡೆಯ ಎಷ್ಟೋ ಒಳ್ಳೆಯ ಸಂಗತಿಗಳಿಗೆ ಬೋರ್ಡಿಲ್ಲ, ಜಾಹೀರಾತಿಲ್ಲ. ಒಬ್ಬರು ಇನ್ನೊಬ್ಬರಿಗೆ ಹೇಳುತ್ತ ಬಂದಿದ್ದಕ್ಕೆ ಉಳಿದುಕೊಂಡಿವೆ. ಹೇಳುವವರು ಸುಮ್ಮನಾದರೆ ಅವೂ ಹೋಗುತ್ತವೆ. ಹಾಗಾಗಿ ಹೇಳಬೇಕು. ಹೇಳುವುದಾದರೆ ಚಲೋ ಹೇಳಬೇಕು.

ಗಿರಮಿಟ್ಟಿನಿಂದ ಶುರು ಮಾಡೋಣ. ಹೊರಗಿನಿಂದ ಬಂದ ದೋಸ್ತನಿಗೆ "ಹುಬ್ಬಳ್ಳಿಗೆ ಬಂದಿ, ಗಿರಮಿಟ್ ತಿಂದು ಹೋಗು" ಅಂದರೆ ಅರ್ಧ ಹೇಳಿದಂತಾಯಿತು. ಅವನು ಎಲ್ಲೋ ಒಂದು ಕಡೆ ಪಾರ್ಸೆಲ್ ಕಟ್ಟಿಸಿಕೊಳ್ಳುತ್ತಾನೆ. ರೂಮಿಗೆ ಹೋಗಿ ಬಿಚ್ಚುವಷ್ಟರಲ್ಲಿ ಚುರಮುರಿ ಮೆತ್ತಗಾಗಿರುತ್ತದೆ. ಎರಡು ತುತ್ತು ತಿಂದು, "ಇದಕ್ಕೇನು ಅಷ್ಟು ಹೇಳ್ತಾರೆ?" ಅಂದುಕೊಂಡು ಬದಿಗಿಡುತ್ತಾನೆ. ಅಲ್ಲಿ ತಪ್ಪು ಗಿರಮಿಟ್ಟಿನದಲ್ಲ, ಹೇಳಿದ ರೀತಿಯದು.

ಗಿರಮಿಟ್ ಮಾಡುವವರ ಕೈಯನ್ನು ಹತ್ತಿರ ನಿಂತು ನೋಡಿದ್ದೀರಾ? ಗೊಜ್ಜು ಮೊದಲೇ ಆಗಿರುತ್ತದೆ. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಶಿನದ ಒಗ್ಗರಣೆ. ಅದಕ್ಕೆ ಹುಣಸೆ ರಸ, ಬೆಲ್ಲ. ಹುಳಿ ಮತ್ತು ಸಿಹಿ ಒಂದನ್ನೊಂದು ಮೀರಬಾರದು. ಚುರಮುರಿ ಮಾತ್ರ ನೀವು ಕೇಳಿದ ಮೇಲೆಯೇ ಪಾತ್ರೆಗೆ ಬೀಳಬೇಕು. ಅದರ ಮೇಲೆ ಗೊಜ್ಜು, ಅದರ ಮೇಲೆ ಪುಟಾಣಿ ಹಿಟ್ಟು. ಈ ಹಿಟ್ಟಿನಲ್ಲೇ ಕೆಲಸ ಇರುವುದು. ಗೊಜ್ಜಿನ ಪಸೆಯನ್ನು ಅದು ಹೀರಿಕೊಳ್ಳುತ್ತದೆ, ಪ್ರತಿ ಕಾಳಿಗೂ ರುಚಿ ಹಿಡಿಸುತ್ತದೆ, ಚುರಮುರಿ ಒಮ್ಮೆಲೇ ಮೆತ್ತಗಾಗದಂತೆ ತಡೆಯುತ್ತದೆ. ಆಮೇಲೆ ಹಸಿ ಉಳ್ಳಾಗಡ್ಡಿ, ಟೊಮೆಟೊ, ಕೊತ್ತಂಬರಿ, ಸೇವು. ಪಕ್ಕದಲ್ಲಿ ಬಾಣಲೆಯಿಂದ ಆಗಷ್ಟೇ ಇಳಿದ ಮಿರ್ಚಿ ಬಜಿ. ಇಷ್ಟೂ ಆದ ಮೇಲೆ ನಿಮಗೆ ಸಿಗುವುದು ಕೆಲವೇ ನಿಮಿಷ. ಗರಿಗರಿ ಇರುವಾಗಲೇ ತಿಂದು ಮುಗಿಸಬೇಕು.

ಹಾಗಾದರೆ ದೋಸ್ತನಿಗೆ ಏನು ಹೇಳಬೇಕು? "ಸಂಜೀಕ ದುರ್ಗದಬೈಲಿಗೆ ಹೋಗು. ಬಜಿ ಕರಿಯೋ ಹೊತ್ತಿಗೆ ಹೋಗು. ಪಾರ್ಸೆಲ್ ಬ್ಯಾಡ, ನಿಂತ ತಿನ್ನು. ಬಜಿ ಮೆಣಸಿನಕಾಯಿ ಖಾರ ಅನ್ನಿಸಿದ್ರ ಮುರಿದು ಗಿರಮಿಟ್ಟಿನಾಗ ಕಲಸಿಕೋ. ಮ್ಯಾಲೆ ಚಹಾ ಕುಡಿ." ಇದು ಪೂರ್ತಿ ಹೇಳಿದ್ದು. ಜಾಗದ ಹೆಸರನ್ನು ಈಗ ಫೋನೂ ಹೇಳುತ್ತದೆ. ಹೊತ್ತು ಯಾವುದು, ಹದ ಯಾವುದು ಅನ್ನುವುದನ್ನು ತಿಂದವರೇ ಹೇಳಬೇಕು.

ಧಾರವಾಡ ಪೇಢಾದ ವಿಷಯಕ್ಕೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅದನ್ನು ಯಾರಿಗೂ ಹೊಸದಾಗಿ ಹೇಳಬೇಕಿಲ್ಲ. ಉತ್ತರ ಪ್ರದೇಶದ ಉನ್ನಾವ್‌ನಿಂದ ಬಂದ ಠಾಕೂರ್ ಮನೆತನ ಇಲ್ಲಿ ನೆಲೆ ನಿಂತು ಪೇಢಾ ಮಾಡತೊಡಗಿದ್ದು 19ನೇ ಶತಮಾನದಲ್ಲಿ. ಆಗ ಅದನ್ನು ಊರೂರಿಗೆ ಮುಟ್ಟಿಸಿದವರು ಯಾರು? ಧಾರವಾಡಕ್ಕೆ ಓದಲಿಕ್ಕೆ ಬಂದ ಹುಡುಗರು, ಕೋರ್ಟಿಗೆ ಬಂದ ರೈತರು, ಬೀಗರ ಮನೆಗೆ ಹೊರಟ ಹೆಣ್ಣುಮಕ್ಕಳು. ಇವತ್ತು ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಅದರ ಹಿಂದೆ ಇರುವುದು ಇಷ್ಟೂ ಜನರ ಬಾಯಿಮಾತು. ನನ್ನ ಕಡೆಯಿಂದ ಸೇರಿಸುವುದು ಒಂದೇ: ಡಬ್ಬಿಗಟ್ಟಲೆ ಒಯ್ದು ವಾರಗಟ್ಟಲೆ ಇಡಬೇಡಿ. ಕಾಲು ಕಿಲೋ ತಗೊಂಡು ಅವತ್ತೇ ಹಂಚಿ ತಿನ್ನಿ.

ಮೆಣಸಿನಕಾಯಿಯ ವಿಷಯಕ್ಕೆ ಮಾತ್ರ ನಿಲ್ಲಲೇಬೇಕು. ಒಳ್ಳೆಯ ಸಲಹೆ ಅಂದರೆ ಏನು ಅನ್ನುವುದನ್ನು ನಾನು ಕಲಿತದ್ದು ಅಡುಗೆ ಮನೆಯ ಹೆಣ್ಣುಮಕ್ಕಳ ಮಾತಿನಿಂದ. ನಮ್ಮ ಓಣಿಯಲ್ಲಿ ಒಬ್ಬರು ವೈನಿ ಇದ್ದಾರೆ. ಅವರ ಮನೆಯ ಎಣ್ಣೆಗಾಯಿಯ ಬಣ್ಣ ನೋಡಿ ಪಕ್ಕದ ಮನೆಯ ಹೊಸ ಸೊಸೆ ಕೇಳಿದಳು, "ವೈನಿ, ಈ ಕೆಂಪು ಹ್ಯಾಂಗ ಬರತೈತ್ರಿ? ನಾ ಎಷ್ಟು ಖಾರಪುಡಿ ಹಾಕಿದ್ರೂ ಬಾಯಿ ಉರಿತೈತಿ, ಬಣ್ಣ ಬರಂಗಿಲ್ಲ."

ವೈನಿ ಒಮ್ಮೆಲೇ ಉತ್ತರ ಕೊಡಲಿಲ್ಲ. ಮೊದಲು ಅವರೇ ಕೇಳಿದರು: ಮನೆಯಲ್ಲಿ ಸಣ್ಣ ಹುಡುಗರು ಇದ್ದಾರೆಯೇ? ಮಾವನವರಿಗೆ ಖಾರ ಆಗುತ್ತದೆಯೇ? ವರ್ಷದ ಖಾರ ಒಮ್ಮೆಗೇ ಕುಟ್ಟಿಸುತ್ತೀರೋ, ಆಗಾಗ ಮಾಡುತ್ತೀರೋ? ಅದೆಲ್ಲ ತಿಳಿದುಕೊಂಡ ಮೇಲೆ ಹೇಳಿದರು, "ನೀ ಬ್ಯಾಡಗಿ ತಗೋ ಅವ್ವಿ. ಬಣ್ಣಕ್ಕ ಬ್ಯಾಡಗಿ, ಖಾರಕ್ಕ ಸ್ವಲ್ಪ ಗುಂಟೂರು. ನಿಮ್ಮ ಮನೀಗೆ ಗುಂಟೂರು ಭಾಳ ಬ್ಯಾಡ."

ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ನಮಗೆಲ್ಲ ಗೊತ್ತು. 2011ರಲ್ಲಿ ಅದಕ್ಕೂ ಭೌಗೋಳಿಕ ಸೂಚಕ ಸಿಕ್ಕಿತು. ಅದರ ಹೆಚ್ಚುಗಾರಿಕೆ ಬಣ್ಣದಲ್ಲಿ, ಖಾರ ಕಡಿಮೆ. ಅದರಿಂದ ತೆಗೆಯುವ ಕೆಂಪು ಸತ್ವ ಲಿಪ್‌ಸ್ಟಿಕ್‌ವರೆಗೂ ಹೋಗುತ್ತದೆ. ಆದರೆ ಬ್ಯಾಡಗಿಯಲ್ಲೂ ಎರಡು ಬಗೆ. ಡಬ್ಬಿ ಗಿಡ್ಡಗೆ, ದಪ್ಪಗೆ ಇರುತ್ತದೆ, ಬೀಜ ಜಾಸ್ತಿ. ಕಡ್ಡಿ ಉದ್ದಕ್ಕೆ, ಸಣ್ಣಗೆ ಇರುತ್ತದೆ, ಮೈತುಂಬ ಸುಕ್ಕು, ಬೀಜ ಕಡಿಮೆ. ವೈನಿ ಎರಡನ್ನೂ ಮುಷ್ಟಿಯಲ್ಲಿ ತಂದು ಆ ಸೊಸೆಯ ಅಂಗೈಗೆ ಹಾಕಿದರು. ಮುರಿದು ತೋರಿಸಿದರು. ಒಳಗಿನ ಬೀಜ ತೋರಿಸಿದರು. ಮೂಸಿ ನೋಡು ಅಂದರು. ತೊಟ್ಟು ಬಿಡಿಸಿ ಬಿಸಿಲಿಗೆ ಹಾಕಬೇಕು, ಹುರಿಯುವಾಗ ಎಣ್ಣೆ ಬರೀ ಸವರಬೇಕು, ಕಪ್ಪಾದರೆ ಬಣ್ಣ ಹೋಯಿತು ಅಂತ ಹೇಳಿದರು. ಕೊನೆಗೆ, "ಮೊದಲ ಅರ್ಧ ಕಿಲೋ ಮಾಡಿ ನೋಡು. ನಿಮ್ಮ ಮನ್ಯಾಗ ಸೇರಿದ್ರ ಮುಂದ ಜಾಸ್ತಿ ಮಾಡು" ಅಂದರು.

ನೋಡಿ, ಇದರಲ್ಲಿ ಎಲ್ಲ ಇದೆ. ಹೇಳುವ ಮೊದಲು ಕೇಳಿದರು. ಆ ಮನೆಗೆ ಹೊಂದುವಂಥದ್ದನ್ನು ಹೇಳಿದರು. ಕೈಗೆ ಕೊಟ್ಟು ತೋರಿಸಿದರು. ಒಲ್ಲೆ ಅನ್ನುವುದಕ್ಕೂ ಜಾಗ ಬಿಟ್ಟರು. ಕೊನೆಯದು ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ನಾವು ಎಷ್ಟೋ ಸಲ ಇಷ್ಟದ ವಸ್ತುವನ್ನು ಹೇಳಿ ಬೆನ್ನು ಹತ್ತುತ್ತೇವೆ. "ತಿಂದಿಯೋ ಇಲ್ಲೋ? ಹೆಂಗಿತ್ತು? ಯಾಕ ಸೇರಲಿಲ್ಲ?" ಪಾಪ, ಗೆಳೆಯನಿಗೆ ಅದು ಪರೀಕ್ಷೆಯಾಗುತ್ತದೆ. ಇಷ್ಟವಾದರೆ ತಾನಾಗಿಯೇ ಬಂದು ಹೇಳುತ್ತಾನೆ. ಹೇಳದಿದ್ದರೂ ಗೆಳೆತನಕ್ಕೆ ಏನೂ ಆಗುವುದಿಲ್ಲ.

ಈಗ ಪುಸ್ತಕಕ್ಕೆ ಬರೋಣ. ಇಲ್ಲಿ ಕೂತವರೆಲ್ಲ ಓದುಗರು. ಒಂದು ಪುಸ್ತಕ ಬಹಳ ಇಷ್ಟವಾದರೆ ಏನು ಮಾಡುತ್ತೀರಿ? ನಾಲ್ಕು ಜನರಿಗೆ ಹೇಳುತ್ತೀರಿ. ಹೆಚ್ಚೆಂದರೆ ಎರಡು ಪ್ರತಿ ಕೊಂಡು ಯಾರದೋ ಮದುವೆಗೆ ಉಡುಗೊರೆ ಕೊಡುತ್ತೀರಿ. ಸಾವಿರ ವರ್ಷದ ಹಿಂದೆ ನಮ್ಮ ಭಾಗದ ಒಬ್ಬ ಹೆಣ್ಣುಮಗಳು ಏನು ಮಾಡಿದಳು ಗೊತ್ತಲ್ಲ? ಗದಗಿನ ಹತ್ತಿರದ ಲಕ್ಕುಂಡಿಯಲ್ಲಿ 1007ರಲ್ಲಿ ಬ್ರಹ್ಮ ಜಿನಾಲಯ ಕಟ್ಟಿಸಿದ ಅತ್ತಿಮಬ್ಬೆ. ಪೊನ್ನನ ಶಾಂತಿಪುರಾಣದ ಒಂದು ಸಾವಿರ ಪ್ರತಿ ಮಾಡಿಸಿ ಹಂಚಿದಳು.

ಸಾವಿರ ಅಂದರೆ ಒಂದು ಕ್ಷಣ ಯೋಚನೆ ಮಾಡಿ. ಅಚ್ಚಿನ ಮನೆ ಇಲ್ಲದ ಕಾಲ. ತಾಳೆಗರಿ ತರಬೇಕು, ಒಣಗಿಸಿ ಹದ ಮಾಡಬೇಕು, ಒಂದೇ ಅಳತೆಗೆ ಕತ್ತರಿಸಬೇಕು. ಒಬ್ಬರು ಕೂತು ಮೊನೆಯಿಂದ ಒಂದೊಂದೇ ಅಕ್ಷರ ಕೊರೆಯಬೇಕು. ಗರಿ ಹರಿಯದಂತೆ ಕೈ ಹಗುರ ಇರಬೇಕು. ಕೊರೆದ ಮೇಲೆ ಮಸಿ ತುಂಬಬೇಕು. ತೂತು ಮಾಡಿ ದಾರ ಪೋಣಿಸಿ ಕಟ್ಟಬೇಕು. ಒಂದು ಪ್ರತಿಗೇ ಇಷ್ಟು. ಹೀಗೆ ಸಾವಿರ! ಆ ಕಾವ್ಯವನ್ನು ಪೊನ್ನನಿಂದ ಬರೆಸಿದ್ದು ಅವಳ ತಂದೆ ಮಲ್ಲಪ ಮತ್ತು ಚಿಕ್ಕಪ್ಪ ಪುನ್ನಮಯ್ಯ. ಮನೆಯಲ್ಲಿ ಹುಟ್ಟಿದ ಪುಸ್ತಕ ಮನೆಯಲ್ಲೇ ಉಳಿಯಬಾರದು ಅಂತ ಅವಳಿಗೆ ಅನ್ನಿಸಿರಬೇಕು. ಅವಳನ್ನು ದಾನಚಿಂತಾಮಣಿ ಅಂತ ಕರೆದರು. ರನ್ನ ತನ್ನ ಕಾವ್ಯದಲ್ಲಿ ಅವಳನ್ನು ಹೊಗಳಿದ. ನನ್ನ ಮಟ್ಟಿಗೆ ಅವಳು ಕನ್ನಡದ ದೊಡ್ಡ ಓದುಗಾರ್ತಿ. ಇಷ್ಟಪಟ್ಟದ್ದನ್ನು ಹಂಚದೆ ಇರಲಾರದವಳು.

ಲಕ್ಕುಂಡಿಗೆ ಹೋದರೆ ಬರೀ ಗುಡಿಗಳ ಮುಂದೆ ಫೋಟೋ ತೆಗೆಸಿಕೊಂಡು ಬರಬೇಡಿ. ಬ್ರಹ್ಮ ಜಿನಾಲಯದ ಮುಂದೆ ನಿಂತು ಈ ಸಾವಿರ ಪ್ರತಿಗಳನ್ನು ನೆನೆಸಿಕೊಳ್ಳಿ. ಆಮೇಲೆ ಮಾಣಿಕೇಶ್ವರ ಗುಡಿಯ ಹತ್ತಿರದ ಮುಸುಕಿನ ಬಾವಿಯ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂಡಿ. ಬಿಸಿಲೇರುವ ಮೊದಲು ಹೋಗಿ.

ಇನ್ನು ಧಾರವಾಡ. 1920ರ ದಶಕದಲ್ಲಿ ಬೇಂದ್ರೆಯವರ ಸುತ್ತ ಗೆಳೆಯರ ಗುಂಪು ಕಟ್ಟಿಕೊಂಡಿತು. ಶಂ. ಬಾ. ಜೋಶಿ, ಗೋಕಾಕ, ಮುಗಳಿ, ಬೆಟಗೇರಿ ಕೃಷ್ಣಶರ್ಮ ಎಲ್ಲ ಅದರಲ್ಲಿದ್ದರು. ಆಧುನಿಕ ಕನ್ನಡ ಸಾಹಿತ್ಯದ ಒಂದು ದೊಡ್ಡ ಪಾಲು ಈ ಗೆಳೆತನದಿಂದ ಬಂತು. ಗುಂಪಿನ ಹೆಸರಿನಲ್ಲೇ ಗೆಳೆಯರು ಇದ್ದಾರೆ, ಅಲ್ವಾ? ಓದಿದ್ದನ್ನು ಗೆಳೆಯರ ಮುಂದೆ ಹೇಳುವುದು, ಬರೆದದ್ದನ್ನು ಅವರ ಮುಂದೆ ಓದುವುದು. ಇಂಥದ್ದು ನಡೆಯಲು ಸಭಾಂಗಣ ಬೇಕಿಲ್ಲ, ಗೆಳೆಯರಿದ್ದರೆ ಸಾಕು.

ಅದೇ ಊರಿನಲ್ಲಿ 1933ರಲ್ಲಿ ಜಿ. ಬಿ. ಜೋಶಿ ಅವರು ಮನೋಹರ ಗ್ರಂಥಮಾಲೆ ಶುರು ಮಾಡಿದರು. ಸುಭಾಸ ರಸ್ತೆಯ ಅದರ ಅಟ್ಟವನ್ನು ನಿಮ್ಮಲ್ಲಿ ಕೆಲವರಾದರೂ ಹತ್ತಿದ್ದೀರಿ. ಕೀರ್ತಿನಾಥ ಕುರ್ತಕೋಟಿ, ಗಿರೀಶ ಕಾರ್ನಾಡ ಕೂತು ಮಾತಾಡಿದ ಅಟ್ಟ ಅದು. ಅಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸುವುದು ಚಂದಾದಾರರ ಪದ್ಧತಿ. ವರ್ಷದ ಚಂದಾ ಕೊಟ್ಟರೆ ಪುಸ್ತಕಗಳು ಮನೆಗೆ ಬರುತ್ತವೆ. ಯಾವ ಪುಸ್ತಕ ಅನ್ನುವುದನ್ನು ಆರಿಸುವವರು ಗ್ರಂಥಮಾಲೆಯವರು. ಓದುಗ ಮೊದಲೇ ದುಡ್ಡು ಕೊಟ್ಟು, "ನೀವು ಚಲೋ ಅಂದದ್ದನ್ನ ನಾನು ಓದತೀನಿ" ಅಂತ ಒಪ್ಪಿಕೊಂಡಂತೆ. ಆಗ ಇನ್ನೂ ಯಾರಿಗೂ ಗೊತ್ತಿಲ್ಲದ ಹೊಸ ಲೇಖಕರು ಓದುಗರ ಮನೆ ಹೊಕ್ಕಿದ್ದು ಈ ನಂಬಿಕೆಯ ಮೇಲೆ. ಇಂಥ ನಂಬಿಕೆ ಒಂದು ದಿನದಲ್ಲಿ ಬರುವುದಿಲ್ಲ. ಒಂದೊಂದು ಒಳ್ಳೆಯ ಪುಸ್ತಕ ಕೊಡುತ್ತ ಕೊಡುತ್ತ ಗಳಿಸಬೇಕು. ನಮ್ಮ ನಿಮ್ಮ ನಡುವೆಯೂ ಹಾಗೇ. ನೀವು ಹೇಳಿದ ಎರಡು ಮಾತು ಸರಿ ಬಂದರೆ ಮೂರನೆಯದನ್ನು ಗೆಳೆಯ ಕಣ್ಣು ಮುಚ್ಚಿ ಒಪ್ಪುತ್ತಾನೆ.

ಸಂಗೀತದ ವಿಷಯ ಸ್ವಲ್ಪ ಬೇರೆ. ಈ ನೆಲದಲ್ಲಿ ಹುಟ್ಟಿ ಬೆಳೆದವರ ಹೆಸರು ಹೇಳುತ್ತ ಹೋದರೆ ಹೊತ್ತು ಸಾಲದು. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ಲ, ಗದಗ ಜಿಲ್ಲೆಯ ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿ. ಹಾಗಂತ ಸಂಗೀತ ಕೇಳದ ಗೆಳೆಯನಿಗೆ ಮೂರು ತಾಸಿನ ಧ್ವನಿಮುದ್ರಣ ಕಳಿಸಿ, "ಇದನ್ನ ಕೇಳಲೇಬೇಕು" ಅಂದರೆ ಅವನು ಹತ್ತಿರವೂ ಸುಳಿಯುವುದಿಲ್ಲ. ನಾನಾದರೆ ಮನ್ಸೂರರು ಹಾಡಿದ ಒಂದು ವಚನದಿಂದ ಶುರು ಮಾಡುತ್ತೇನೆ. ಮಾತು ಕನ್ನಡದ್ದು, ಅರ್ಥ ತಿಳಿಯುತ್ತದೆ, ನಾಲ್ಕೈದು ನಿಮಿಷದಲ್ಲಿ ಮುಗಿಯುತ್ತದೆ. ಆ ದನಿ ಹಿಡಿಸಿತು ಅಂದರೆ ಮುಂದೆ ಒಂದು ರಾಗ. ಅದೂ ಬೆಳಗಿನದನ್ನು ಬೆಳಿಗ್ಗೆಯೇ.

ಅದಕ್ಕೂ ಹಿಡಿದು ಕೂತವರನ್ನು ಕುಂದಗೋಳಕ್ಕೆ ಕರೆದುಕೊಂಡು ಹೋಗಿ. ಗಂಗೂಬಾಯಿ, ಭೀಮಸೇನರ ಗುರು ಸವಾಯಿ ಗಂಧರ್ವರ ಊರು. ಅವರ ನೆನಪಿನಲ್ಲಿ ನಾಡಗೇರ ವಾಡೆಯಲ್ಲಿ ರಾತ್ರಿಯಿಡೀ ಸಂಗೀತ ನಡೆಯುತ್ತದೆ. ಗಂಗೂಬಾಯಿ ಅವರು ಹುಬ್ಬಳ್ಳಿಯಿಂದ ರೈಲು ಹತ್ತಿ ಪಾಠಕ್ಕೆ ಹೋಗುತ್ತಿದ್ದದ್ದು ಇದೇ ಊರಿಗೆ. ಇಲ್ಲಿಗೆ ಹೋಗುವ ಗೆಳೆಯನಿಗೆ "ರಾಗ ತಿಳಿಯಲಿಲ್ಲ ಅಂತ ಅಂಜಬ್ಯಾಡ" ಅಂತ ಹೇಳಿ. ಪಕ್ಕದಲ್ಲಿ ಕೂತ ರೈತರು ತಲೆ ಆಡಿಸುವುದನ್ನು ನೋಡಿದರೆ ಎಲ್ಲಿ ಆನಂದಪಡಬೇಕು ಅಂತ ಅವನಿಗೆ ತಾನಾಗಿ ಗೊತ್ತಾಗುತ್ತದೆ. ಹೊದೆಯಲು ಒಂದು ಚಾದರ ಒಯ್ಯಲು ಹೇಳಿ. ನಡುರಾತ್ರಿಗೆ ಬೇಕಾಗುತ್ತದೆ.

ಈಗ ಒಂದು ಮಾತು ಸ್ವಲ್ಪ ಬಿರುಸಾಗಿ ಹೇಳುತ್ತೇನೆ. ವಾಟ್ಸಾಪ್ ಗುಂಪಿನಲ್ಲಿ "ನೋಡಲೇಬೇಕಾದ 25 ಜಾಗ", "ಓದಲೇಬೇಕಾದ 50 ಪುಸ್ತಕ" ಅಂತ ಬರುತ್ತವಲ್ಲ, ಅವು ನನಗೆ ಸೇರುವುದಿಲ್ಲ. ಕಳಿಸಿದವರು ಆ 25 ಜಾಗ ನೋಡಿರುವುದಿಲ್ಲ. ಗುಂಪಿನಲ್ಲಿ ಯಾರಿಗೆ ಅದು ಬೇಕು ಅಂತ ಯೋಚಿಸಿಯೂ ಇರುವುದಿಲ್ಲ. ಬಂದದ್ದನ್ನು ಮುಂದೆ ದೂಡಿರುತ್ತಾರೆ. ಇನ್ನೂರು ಜನರಿಗೆ ಒಮ್ಮೆಲೇ ಹೇಳಿದ್ದು ಯಾರಿಗೂ ಹೇಳಿದಂತಲ್ಲ. ಅದರ ಬದಲು ಒಬ್ಬ ಗೆಳತಿಗೆ ಫೋನ್ ಮಾಡಿ. "ನಿನಗ ಹಳೇ ಗುಡಿ ಅಂದ್ರ ಸೇರತಾವಲ್ಲ, ಹುಬ್ಬಳ್ಳಿ-ಧಾರವಾಡ ಚಿಗರಿ ಬಸ್ಸಿನಾಗ ಬರುವಾಗ ಉಣಕಲ್ಲಿನಾಗ ಇಳದು ಚಂದ್ರಮೌಳೇಶ್ವರ ಗುಡಿ ನೋಡು. ನಾಲ್ಕೂ ದಿಕ್ಕಿಗೆ ಬಾಗಿಲ ಅದಾವ, ಸುತ್ತು ಹಾಕಿ ನೋಡು" ಅಂತ ಹೇಳಿ. ದಿನಾ ಆ ದಾರಿಯಲ್ಲಿ ಓಡಾಡುವವರೇ ಎಷ್ಟೋ ಜನ ಆ ಗುಡಿ ನೋಡಿಲ್ಲ. ಚಾಲುಕ್ಯರ ಕಾಲದ್ದು, ಊರೊಳಗೇ ಇದೆ. ಅವಳು ಇಳಿದು ನೋಡಿದಳು ಅಂದರೆ ನಿಮ್ಮ ಒಂದು ಫೋನ್ ಸಾರ್ಥಕ.

ಮಾತು ಇಲ್ಲಿಗೆ ಬಂದಾಗ ಮುಂದೆ ಕೂತಿದ್ದ ಕಾಲೇಜು ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಸರ್, ಹಿಂಗ ಎಲ್ಲಾರಿಗೂ ಹೇಳ್ಕೋತ ಹೋದ್ರ ಆ ಜಾಗ ಕೆಡಂಗಿಲ್ಲೇನ್ರಿ? ಜಾತ್ರಿ ಆಗ್ತದಲ್ರಿ?"

ಒಳ್ಳೆಯ ಪ್ರಶ್ನೆ. ಅಲ್ಲಿ ಹೇಳಿದ ಉತ್ತರವನ್ನೇ ಇಲ್ಲೂ ಬರೆಯುತ್ತೇನೆ. ಚಹಾದಂಗಡಿಗೆ ಜನ ಹೆಚ್ಚಾದರೆ ಅಂಗಡಿ ಬದುಕುತ್ತದೆ. ಕೆರೆಗೆ ಜನ ಹೆಚ್ಚಾದರೆ ಹಕ್ಕಿ ಓಡಿಹೋಗುತ್ತವೆ. ಎರಡನ್ನೂ ಒಂದೇ ರೀತಿ ಹೇಳಲು ಬರುವುದಿಲ್ಲ. ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಯನ್ನೇ ತಗೊಳ್ಳಿ. ಚಳಿಗಾಲಕ್ಕೆ ಹಿಮಾಲಯ ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಅಲ್ಲಿಗೆ ಬರುತ್ತವೆ. 2024ರಲ್ಲಿ ಅದು ರಾಮ್‌ಸಾರ್ ತಾಣವಾಯಿತು, ಅಂದರೆ ಜಗತ್ತೇ ಕಾಪಾಡಬೇಕಾದ ಜೌಗು ನೆಲಗಳ ಸಾಲಿಗೆ ಸೇರಿತು. ಅಂಥ ಜಾಗವನ್ನು ಗೆಳೆಯರಿಗೆ ಹೇಳುವಾಗ ಜೊತೆಗೆ ನಾಲ್ಕು ಮಾತು ಸೇರಿಸಲೇಬೇಕು. ದಂಡೆಯ ಮೇಲೆ ದೂರ ನಿಂತು ನೋಡು. ಗದ್ದಲ ಮಾಡಬೇಡ. ಹಕ್ಕಿ ಹಾರಿಸಿ ಫೋಟೋ ತೆಗೆಯುವ ಆಸೆ ಬೇಡ. ದುರ್ಬೀನು ಇದ್ದರೆ ಒಯ್ಯಿ. ಮುಂಜಾನೆ ಹೊಲಗಳಲ್ಲಿ ಮೇದು ಅವು ಕೆರೆಗೆ ಮರಳುತ್ತವೆ, ನೀರಿಗೆ ಇಳಿಯುವುದನ್ನು ಸುಮ್ಮನೆ ಕಾಯು. ಇಷ್ಟನ್ನು ಪಾಲಿಸಲಾರದ ಗೆಳೆಯ ಇದ್ದರೆ, ಅವನಿಗೆ ಮಾಗಡಿ ಬೇಡ, ಗಿರಮಿಟ್ಟೇ ಹೇಳಿ. ನಾನು ಇದನ್ನು ಮನಸಾರೆ ಹೇಳುತ್ತಿದ್ದೇನೆ. ಯಾರಿಗೆ ಏನು ಹೇಳಬಾರದು ಅನ್ನುವುದೂ ಅಕ್ಕರೆಯ ಭಾಗವೇ.

ಹೇಳುವುದರ ಬಗ್ಗೆ ಇಷ್ಟು ಹೊತ್ತು ಮಾತಾಡಿದೆ. ಕೇಳುವುದರ ಬಗ್ಗೆ ಒಂದು ಮಾತು ಉಳಿದಿದೆ. ನಮ್ಮ ಮನೆಗಳ ಹಿರಿಯರ ಹತ್ತಿರ ಇಂಥ ಸಂಗತಿಗಳ ರಾಶಿಯೇ ಇದೆ. ಯಾವ ಮಳೆಗೆ ಯಾವ ಸೊಪ್ಪು, ಗುರೆಳ್ಳು ಚಟ್ನಿಯನ್ನು ಯಾವ ರೊಟ್ಟಿಯ ಜೊತೆ, ಅಗಸಿ ಚಟ್ನಿಗೆ ಎಷ್ಟು ಬೆಳ್ಳುಳ್ಳಿ, ಕೌದಿ ಹೊಲಿಯಲು ಯಾವ ಹಳೆಯ ಸೀರೆ. ನಾವು ಅವರನ್ನು "ಊಟ ಆಯ್ತಾ, ಗುಳಿಗೆ ತಗೊಂಡ್ರ್ಯಾ" ಅಂತ ಮಾತ್ರ ಕೇಳುತ್ತೇವೆ. "ಆಯಿ, ನಿನಗ ಈಗಲೂ ಭಾಳ ಸೇರೋದು ಯಾವುದು?" ಅಂತ ಕೇಳಿ ನೋಡಿ. ಮುಖ ಅರಳುತ್ತದೆ. ಮಾತು ನಿಲ್ಲುವುದಿಲ್ಲ.

ಹಾಗಂತ ಹೇಳಿ ನಾನು ಮೈಕನ್ನು ಸಭೆಯ ಕಡೆಗೆ ಕೊಟ್ಟೆ. ಮೊದಲು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬರು ಹಾವೇರಿಯ ಏಲಕ್ಕಿ ಹಾರ ಕಟ್ಟುವುದನ್ನು ಕೂತು ನೋಡಬೇಕು ಅಂದರು. ಬರೀ ಸನ್ಮಾನದ ವೇದಿಕೆಯ ಮೇಲೆ ನೋಡಿದರೆ ಆ ಕೈಕೆಲಸ ತಿಳಿಯುವುದಿಲ್ಲವಂತೆ. ಇನ್ನೊಬ್ಬ ಅಕ್ಕ ಧಾರವಾಡದ ಕೆಲಗೇರಿ ಕೆರೆಯ ದಂಡೆ ಹೇಳಿದರು, ಅದೂ ಮಳೆ ನಿಂತ ಮರುದಿನ ಬೆಳಿಗ್ಗೆ. ಒಬ್ಬ ಹುಡುಗ ನವಲಗುಂದದ ಜಮಖಾನೆ ನೇಯುವ ಹೆಣ್ಣುಮಕ್ಕಳ ಬಗ್ಗೆ ಹೇಳಿದ. ಕೊನೆಗೆ ಗೋಡೆಗೆ ಒರಗಿ ಕೂತಿದ್ದ ಹಿರಿಯರೊಬ್ಬರು ಎದ್ದರು. "ಸವಣೂರಿಗೆ ಹೋದಾವ್ರೆಲ್ಲ ತಿನ್ನೋ ಖಾರಾ ತಗೊಂಡು ವಾಪಸ್ ಬರತಾರ. ತಗೋರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಅಲ್ಲಿ ಮಠದಾಗ ಆಫ್ರಿಕಾ ಮೂಲದ ದೊಡ್ಡ ಹುಣಸಿ, ಅಂದ್ರ ಬಾವೊಬಾಬ್ ಗಿಡ ಅದಾವು. ಎಷ್ಟು ಮಂದಿ ಕೈ ಕೈ ಹಿಡದ್ರ ಒಂದು ಬೊಡ್ಡಿ ಸುತ್ತ ಆಗತೈತಿ ಅಂತ ನಿಮ್ಮ ಮಕ್ಕಳನ್ನ ಕರಕೊಂಡು ಹೋಗಿ ಹಿಡಿಸಿ ನೋಡ್ರಿ" ಅಂದರು.

ಹಿಂದಿನ ಸಾಲಿನಿಂದ ಯಾರೋ ಸವಣೂರಿಗೆ ಬಸ್ಸು ಎಷ್ಟೊತ್ತಿಗೆ ಇವೆ ಅಂತ ಕೇಳಿದರು. ಹಿರಿಯರು ಹೇಳತೊಡಗಿದರು. ಎಲ್ಲಿ ಇಳಿಯಬೇಕು, ಯಾವ ಓಣಿಯಲ್ಲಿ ಹೊರಳಬೇಕು, ಬರುವಾಗ ವೀಳ್ಯದೆಲೆ ಎಲ್ಲಿ ತಗೊಳ್ಳಬೇಕು. ಕೆಲವರು ಅದನ್ನು ಬರೆದುಕೊಳ್ಳುತ್ತಿದ್ದರು.